ಜೆರ್ಸಿ ನಮ್ಮದು, ತಂಡ ಯಾರದು?

ಕನ್ನಡದ ಹುಡುಗರೇ, ಕಪ್ ಗೆದ್ದ ರಾತ್ರಿ ಪಟಾಕಿ ಹೊಡೆಯುವುದು ಸುಲಭ. ಕಪ್ ಗೆಲ್ಲುವ ತಂಡ ಕಟ್ಟುವುದು ಹೇಗೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

2025ರ ಜೂನ್ 3ರಂದು ಆರ್‌ಸಿಬಿ 18 ವರ್ಷ ಕಾದು ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋದವು. ಅಂತಿಮ ಪಂದ್ಯ ಆಡಿದ ಹನ್ನೊಂದರಲ್ಲಿ ನಮ್ಮ ರಾಜ್ಯದವರು ಮಯಂಕ್ ಅಗರವಾಲ್ ಒಬ್ಬರೇ. ಮೈದಾನದ ಒಳಗೆ ಒಬ್ಬ, ಹೊರಗೆ ಲಕ್ಷಾಂತರ. ಈ ಲೆಕ್ಕ ನಿಮಗೆ ಚುಚ್ಚುವುದಿಲ್ಲವೇ?

ನಾನು ಕೆಂಚನಗುಡ್ಡದವನು. ಪಿಯುಸಿ ಮುಗಿಸಿ ಅಚ್ಚಿನ ಯಂತ್ರದ ಮುಂದೆ ನಿಂತವನು. ಸಿರುಗುಪ್ಪ ಸೀಮೆಯ ಟೂರ್ನಮೆಂಟುಗಳ ಕರಪತ್ರ ಅಚ್ಚು ಹಾಕುವುದು ನನ್ನ ಕಸುಬಿನ ಒಂದು ಭಾಗ. ಅವುಗಳಲ್ಲಿ ಪ್ರಥಮ ಬಹುಮಾನ ಕೊಟ್ಟ ಧಣಿಯ ಫೋಟೊ ಇರುತ್ತದೆ, ದ್ವಿತೀಯ ಬಹುಮಾನ ಕೊಟ್ಟ ಗುತ್ತಿಗೆದಾರನ ಫೋಟೊ ಇರುತ್ತದೆ, ಟ್ರೋಫಿ ಕೊಟ್ಟವರು, ಊಟ ಹಾಕಿಸಿದವರು ಎಲ್ಲರೂ ಇರುತ್ತಾರೆ. ತರಬೇತಿ ಕೊಟ್ಟವನ ಹೆಸರು ಇರುವುದಿಲ್ಲ. ಏಕೆಂದರೆ ತರಬೇತಿ ಕೊಟ್ಟವನೇ ಇಲ್ಲ! ನಮ್ಮ ರೋಗದ ಹೆಸರು ಅದೇ.

ಬ್ಯಾಸ್ಕೆಟ್‌ಬಾಲ್ ನೋಡಿ. ಐದು ಜನ, 28 ಮೀಟರ್ ಉದ್ದ 15 ಮೀಟರ್ ಅಗಲದ ಅಂಗಳ, 3.05 ಮೀಟರ್ ಎತ್ತರದಲ್ಲಿ ಒಂದು ಬಳೆ. ಐವರಲ್ಲಿ ಒಬ್ಬ ಸೋಮಾರಿಯಾದರೆ ಉಳಿದ ನಾಲ್ವರು ಮುಳುಗುತ್ತಾರೆ. ಅಲ್ಲಿ ಚಾಂಪಿಯನ್ ತಂಡ ಹೇಗೆ ಹುಟ್ಟುತ್ತದೆಂದು ತಿಳಿಯಬೇಕಾದರೆ ಅಮೆರಿಕದ ಎನ್‌ಬಿಎ ನೋಡಬೇಕು. ಅಲ್ಲಿ ಸಂಬಳದ ವೆಚ್ಚಕ್ಕೆ ಮಿತಿ ಇದೆ. ಹೊಸ ಆಟಗಾರರನ್ನು ಆರಿಸುವಾಗ ಸೋತ ತಂಡಗಳಿಗೆ ಮೊದಲ ಅವಕಾಶ. ದುಡ್ಡೊಂದನ್ನೇ ಸುರಿದು ಗೆಲ್ಲುವಂತಿಲ್ಲ, ಕಣ್ಣೂ ಇರಬೇಕು.

ಸ್ಯಾನ್ ಆಂಟೋನಿಯೊ ಸ್ಪರ್ಸ್ ನ್ಯೂಯಾರ್ಕಿನಂಥ ಮಹಾನಗರದ ತಂಡವಲ್ಲ. ಆದರೂ 1999, 2003, 2005, 2007, 2014 ಹೀಗೆ ಐದು ಸಲ ಗೆದ್ದಿತು. ಕೋಚ್ ಒಬ್ಬರೇ, ಗ್ರೆಗ್ ಪೊಪೊವಿಚ್. 1996ರಲ್ಲಿ ಕುರ್ಚಿಯಲ್ಲಿ ಕೂತವರು 2025ರವರೆಗೆ ಬಿಡಲಿಲ್ಲ. 1997ರಲ್ಲಿ ಟಿಮ್ ಡಂಕನ್ ಮೊದಲ ಆಯ್ಕೆಯಾಗಿ ಸಿಕ್ಕಿದ್ದು ಅದೃಷ್ಟವೇ ಇರಬಹುದು. ಆದರೆ ಅರ್ಜೆಂಟೀನಾದ ಮಾನು ಜಿನೊಬಿಲಿಯನ್ನು 1999ರಲ್ಲಿ ಹಿಡಿದದ್ದು 57ನೇ ಆಯ್ಕೆಯಲ್ಲಿ. ಅಂದರೆ ಉಳಿದ ತಂಡಗಳೆಲ್ಲ ಬೇಡವೆಂದು ಬಿಟ್ಟ ಹುಡುಗ. 2023ರಲ್ಲಿ ಗೆದ್ದ ಡೆನ್ವರ್ ತಂಡದ ನಿಕೊಲಾ ಯೊಕಿಚ್ ಸರ್ಬಿಯಾದ ಸೋಂಬೊರ್ ಎಂಬ ಸಣ್ಣ ಊರಿನವನು, 2014ರಲ್ಲಿ 41ನೇ ಆಯ್ಕೆ. ಅವನನ್ನು ಆರಿಸಿ ಒಂಬತ್ತು ವರ್ಷ ಕಾದ ಮೇಲೆ ಕಪ್ ಬಂತು. ಕಣ್ಣು, ಕೋಚ್, ತಾಳ್ಮೆ. ಈ ಮೂರೂ ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತು ಗಮನಿಸಿ. ಸ್ಪರ್ಸ್‌ನ ಮುಖ್ಯ ಆಟಗಾರರು ಹೊರಗಿನವರೇ. ಆದರೆ ಅವರು ವರ್ಷಗಟ್ಟಲೆ ನಿಂತರು, ಆ ಊರಿನವರೇ ಆದರು. ಹೊರಗಿನವರು ಬರಬಾರದೆಂದು ನಾನು ಹೇಳುವುದಿಲ್ಲ. ಬರಲಿ, ನಿಲ್ಲಲಿ, ನಮ್ಮ ಮಾತು ಕಲಿಯಲಿ. ಆದರೆ ನಮ್ಮ ಹುಡುಗ ಒಳಗೆ ಹೋಗುವ ಬಾಗಿಲಿಗೆ ಬೀಗ ಬೀಳಬಾರದು.

ನಮ್ಮಲ್ಲೇನಾಯಿತು? 2015ರಲ್ಲಿ ಯುಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್ ಎಂಟು ತಂಡಗಳೊಂದಿಗೆ ಶುರುವಾಯಿತು. ಬೆಂಗಳೂರು ಬೀಸ್ಟ್ ಅದರಲ್ಲೊಂದು. 2017ರ ನಂತರ ಆ ಲೀಗೇ ಇಲ್ಲ. ಅದೇ 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75-73ರಿಂದ ಸೋಲಿಸಿದರು. ಪ್ರತಿಭೆ ಇತ್ತು, ಗೆಲುವೂ ಇತ್ತು. ಅದನ್ನು ಹಿಡಿದಿಡುವ ಲೀಗ್ ಇರಲಿಲ್ಲ.

ಹಾಗಾದರೆ ಆಟಗಾರರು ಹೊಟ್ಟೆ ಹೊರೆದದ್ದು ಹೇಗೆ? ರೈಲ್ವೆ, ಪೊಲೀಸ್, ಬ್ಯಾಂಕುಗಳ ನೌಕರಿಯಿಂದ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕನ್ನು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿಸಿದರು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕನ್ನು 2017ರಲ್ಲೇ ಎಸ್‌ಬಿಐ ನುಂಗಿತ್ತು. ಬ್ಯಾಂಕು ಹೋದರೆ ಬೋರ್ಡಿನ ಮೇಲಿನ ಹೆಸರು ಮಾತ್ರ ಹೋಗುವುದಿಲ್ಲ. ನಮ್ಮ ಹುಡುಗನಿಗೆ ಆಟದ ಮೇಲೆ ನೌಕರಿ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವ ಮೇಜೂ ನಮ್ಮ ನಾಡು ಬಿಟ್ಟು ಹೋಗುತ್ತದೆ. ಭಾಷೆಯ ಪ್ರಶ್ನೆ ಬೇರೆ, ಆಟದ ಪ್ರಶ್ನೆ ಬೇರೆ ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ನಮ್ಮ ಜಿಲ್ಲೆಯಲ್ಲೇ ಒಂದು ಪಾಠ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಒಡೆಯರಾದ ಜಿಂದಾಲ್ ಗುಂಪು 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ತಂಡ ಕಟ್ಟಿತು. ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೇತ್ರಿ ನಾಯಕ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು, ಅದೇ ವರ್ಷ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2019ರಲ್ಲಿ ಐಎಸ್‌ಎಲ್ ಕಪ್ಪೂ ಬಂತು. ದುಡ್ಡಿತ್ತು, ನಿಜ. ಆದರೆ ದುಡ್ಡಿದ್ದ ತಂಡಗಳೆಲ್ಲ ಗೆದ್ದಿವೆಯೇ? ಇವರು ಕೋಚನ್ನು ಮೊದಲು ಹಿಡಿದರು, ಅವನಿಗೆ ಕೆಲಸ ಮಾಡಲು ಬಿಟ್ಟರು. 2018ರಲ್ಲಿ ವಿಜಯನಗರ ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಕಟ್ಟಿದರು. ಕುಸ್ತಿ, ಬಾಕ್ಸಿಂಗ್, ಜೂಡೊ, ಓಟ ಎಲ್ಲಕ್ಕೂ ಅಲ್ಲಿ ತರಬೇತಿ.

ಇದನ್ನು ಮೆಚ್ಚುತ್ತೇನೆ. ಮೆಚ್ಚಿಯೇ ಕೇಳುತ್ತೇನೆ: ಅದಿರು ನಮ್ಮದು, ನೀರು ತುಂಗಭದ್ರೆಯದು, ಧೂಳು ಕುಡಿದವರು ನಮ್ಮವರು. ಆ ಗೇಟಿನೊಳಗೆ ಸಿರುಗುಪ್ಪದ, ಕುರುಗೋಡಿನ, ಸಂಡೂರಿನ ಮಕ್ಕಳು ಎಷ್ಟು? ಪ್ರತಿ ವರ್ಷ ತಾಲೂಕುವಾರು ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಲಿ. ಆಯ್ಕೆ ಶಿಬಿರದ ನೋಟೀಸು ಹಳ್ಳಿಯ ಶಾಲೆಯ ಗೋಡೆಗೆ ಕನ್ನಡದಲ್ಲಿ ಅಂಟಲಿ. ಗೊತ್ತೇ ಆಗದ ಶಿಬಿರಕ್ಕೆ ನಮ್ಮ ಹುಡುಗ ಹೋಗುವುದು ಹೇಗೆ?

ನಿಮಗೂ ಒಂದು ಮಾತು. ಹತ್ತು ಸಾವಿರದ ಫ್ಲೆಕ್ಸ್ ಹಾಕಿಸುವ ಸಂಘಗಳು ನನ್ನ ಬಳಿ ಬರುತ್ತವೆ. ನನಗೆ ವ್ಯಾಪಾರ, ಬೇಡವೆನ್ನಲಾರೆ. ಆದರೆ ಮಳೆಗಾಲಕ್ಕೆ ಹರಿದು ಹೋಗುವ ಆ ಬಟ್ಟೆಯ ಬದಲು ಎರಡು ಕಂಬ, ಎರಡು ಬಳೆ, ನಾಲ್ಕು ಚೆಂಡು ತನ್ನಿ. ಈಗ ಮೂವರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ನಲ್ಲೂ ಇದೆ. ಅದಕ್ಕೆ ಒಂದೇ ಬಳೆ, 15 ಮೀಟರ್ ಅಗಲ 11 ಮೀಟರ್ ಉದ್ದದ ಗಚ್ಚು ಸಾಕು. ಭತ್ತ ಒಣಗಿಸುವ ಕಣದಷ್ಟೂ ಜಾಗ ಬೇಡ.

2015ರಲ್ಲಿ ಎನ್‌ಬಿಎ ತಂಡಕ್ಕೆ ಆಯ್ಕೆಯಾದ ಭಾರತದ ಮೊದಲ ಹುಡುಗ ಸತ್ನಾಮ್ ಸಿಂಗ್ ಪಂಜಾಬಿನ ಬಲ್ಲೋಕೆ ಎಂಬ ಸಣ್ಣ ಹಳ್ಳಿಯವನು. ಅವನ ಎತ್ತರ ಹುಟ್ಟಿನಿಂದ ಬಂತು. ಆಟ ಬಂದದ್ದು ಲೂಧಿಯಾನದ ಅಕಾಡೆಮಿಯಿಂದ, ಅಲ್ಲಿನ ಕೋಚ್‌ಗಳಿಂದ. ಬಲ್ಲೋಕೆಯಿಂದ ಆಗುವುದಾದರೆ ಕೆಂಚನಗುಡ್ಡದಿಂದ ಏಕಾಗಬಾರದು?

371(ಜೆ) ಬಂದು ಹತ್ತು ವರ್ಷ ದಾಟಿದೆ. ಕಲ್ಯಾಣ ಕರ್ನಾಟಕ ಮಂಡಳಿಯ ಹಣದಲ್ಲಿ ತಾಲೂಕಿಗೊಂದು ಒಳಾಂಗಣ, ಸಂಬಳದ ಮೇಲೆ ಒಬ್ಬ ಕಾಯಂ ಕೋಚ್, ಮಕ್ಕಳಿಗೆ ಕ್ರೀಡಾನಿಲಯ ಕೇಳಿ. ಮೂರರಲ್ಲಿ ಒಂದೇ ಕೊಡುತ್ತೇವೆಂದರೆ ಕೋಚನ್ನು ಕೇಳಿ. ಕಟ್ಟಡ ಉದ್ಘಾಟನೆಗೆ ಮಂತ್ರಿ ಬರುತ್ತಾನೆ, ಹೋಗುತ್ತಾನೆ. ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಹುಡುಗರನ್ನು ಎಬ್ಬಿಸುವವನು ಕೋಚ್.

ಮುಂದಿನ ಟೂರ್ನಮೆಂಟಿನ ಕರಪತ್ರ ಅಚ್ಚಿಗೆ ತರುವಾಗ ಮೇಲಿನ ಸಾಲಿನಲ್ಲಿ ಅವನ ಹೆಸರು ಬರೆದು ತನ್ನಿ. ಧಣಿಗಳ ಫೋಟೊ ಕೆಳಗೆ ಹಾಕೋಣ.