ಆಟದ ಯಂತ್ರ, ಮನೆಯ ಗಂಟು

ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಬಂದರೆ ಕಂಪ್ಯೂಟರ್ ಕೊಡಿಸುವುದಾಗಿ ಮಗನಿಗೆ ಮಾತು ಕೊಟ್ಟು, ಅಂಕ ಬಂದ ಮೇಲೆ ಆ ಮಾತಿನ ಬೆಲೆಯನ್ನು ಅಂಗಡಿಯವನ ಬಾಯಿಂದ ಕೇಳಿ ತಬ್ಬಿಬ್ಬಾಗುವ ಗೃಹಸ್ಥರ ಸಂಖ್ಯೆ ಬೆಂಗಳೂರಿನಂತಹ ನಗರದಲ್ಲಿ ಕಡಮೆಯೇನಲ್ಲ. ತಂದೆಯ ಎಣಿಕೆಯಲ್ಲಿ ಕಂಪ್ಯೂಟರೆಂದರೆ ಒಂದು ಪೆಟ್ಟಿಗೆ ಮತ್ತು ಒಂದು ಪರದೆ. ಮಗನು ಬಯಸುವುದಾದರೋ ಸಿದ್ಧಪಡಿಸಿಟ್ಟ ಪೆಟ್ಟಿಗೆಯನ್ನಲ್ಲ. ಭಾಗಭಾಗವಾಗಿ ಆರಿಸಿ ತಂದು ಜೋಡಿಸಿದ ಆಟದ ಯಂತ್ರವನ್ನು. ‘ಆಟಕ್ಕೆ ಇಷ್ಟು ಹಣವೇ?’ ಎಂದು ತಂದೆ ಕೇಳುತ್ತಾರೆ. ‘ಓದಿಗೂ ಆಗುತ್ತದಲ್ಲಾ, ಅಪ್ಪಾ’ ಎಂದು ಮಗ ಉತ್ತರಿಸುತ್ತಾನೆ. ಉತ್ತರದಲ್ಲಿ ಸುಳ್ಳಿಲ್ಲ. ಆಟದ ಚಿತ್ರಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡೇ ವಿಡಿಯೊ ಸಂಕಲನಕ್ಕೂ, ಎಂಜಿನಿಯರಿಂಗ್ ನಕ್ಷೆಗೂ, ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೂ ಒದಗುತ್ತದೆ. ಆದರೆ ಗಂಟಿನಿಂದ ಹೋಗುವ ಹಣವೂ ಸುಳ್ಳಲ್ಲ. 80,000 ರೂಪಾಯಿ ಎಂದರೆ ಎಷ್ಟೋ ಮನೆಗಳಲ್ಲಿ ತಂಗಿಯ ಮುಂದಿನ ವರ್ಷದ ಕಾಲೇಜು ಶುಲ್ಕ.

ಹುಡುಗರು ಸಾಮಾನ್ಯವಾಗಿ ಪ್ರೊಸೆಸರಿನಿಂದ ಪಟ್ಟಿ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಮಾನಿಟರಿನಿಂದ. 1920ಕ್ಕೆ 1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 2560ಕ್ಕೆ 1440ರದರಲ್ಲಿ ಸುಮಾರು 36.9 ಲಕ್ಷ, 4ಕೆ ಎಂದು ಕರೆಯುವ ಪರದೆಯಲ್ಲಿ ಸುಮಾರು 83 ಲಕ್ಷ, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ 16.7 ಮಿಲಿಸೆಕೆಂಡು, 144 ಬೇಕೆಂದರೆ 7 ಮಿಲಿಸೆಕೆಂಡಿಗೂ ಕಡಮೆ. ಇಷ್ಟು ಚುಕ್ಕೆಗಳಿಗೆ ಇಷ್ಟರೊಳಗೆ ಬಣ್ಣ ಬಳಿಯುವ ದುಡಿಮೆಯೆಲ್ಲ ಗ್ರಾಫಿಕ್ಸ್ ಕಾರ್ಡಿನದು. ಮೊದಲನೆಯ ಬಗೆಯ ಪರದೆಯನ್ನೇ ಇಟ್ಟುಕೊಂಡವನಿಗೆ 4ಕೆಗೆ ಬೇಕಾದ ಕಾರ್ಡು, ಒಂದೇ ಹಸುವಿನ ಮನೆಗೆ ಕಟ್ಟಿಸಿದ ಗೋಶಾಲೆ. 80,000ದ ಗಂಟಿನಲ್ಲಿ 30,000ದಿಂದ 35,000ದವರೆಗೆ ಕಾರ್ಡಿಗೆ ಮೀಸಲಿಟ್ಟರೆ ಅದು ಅತಿಯಾಗದು.

ಆ ಬಳಿಕ ಜಾತಕ ಕೂಡಿಸುವ ಕೆಲಸ. ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಕೆಟ್ ಹೊಂದದಿದ್ದರೆ ಯಾವ ಪುರೋಹಿತನೂ ಕೂಡಿಸಲಾರ. ಇಂಟೆಲ್ ಸಂಸ್ಥೆ 2021ರಲ್ಲಿ ತಂದ ಎಲ್‌ಜಿಎ 1700 ಸಾಕೆಟ್ ಮೂರು ಪೀಳಿಗೆಗೆ ಸಲ್ಲಿತು. 2024ರ ಹೊಸ ಪೀಳಿಗೆಗೆ ಎಲ್‌ಜಿಎ 1851 ಬಂತು. ಎಎಂಡಿಯ ಎಎಂ4 ಸಾಕೆಟ್ಟಿಗೆ ಮೊದಲ ರೈಜೆನ್ ಪ್ರೊಸೆಸರು 2017ರಲ್ಲಿ ಬಂದಿತು; 2024ರಲ್ಲಿಯೂ ಅದಕ್ಕೆ ಹೊಸ ಪ್ರೊಸೆಸರುಗಳು ಬರುತ್ತಲೇ ಇದ್ದವು. 2022ರಲ್ಲಿ ಬಂದ ಎಎಂ5ಕ್ಕೆ ಕಡೆಯ ಪಕ್ಷ 2027ರವರೆಗೆ ಬೆಂಬಲವಿರುವುದೆಂದು ಆ ಸಂಸ್ಥೆ ಹೇಳಿದೆ. ಈಗ ಸಾಧಾರಣ ಪ್ರೊಸೆಸರನ್ನು ಕೊಂಡು ಮೂರು ವರ್ಷದ ಮೇಲೆ ಅದನ್ನಷ್ಟೇ ಬದಲಿಸುವ ಸಂಸಾರಕ್ಕೆ ಇದು ಗಣನೆಗೆ ಬರತಕ್ಕ ಸಂಗತಿ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನು ಮೊದಲು ಕೊಂಡು, ಕಾರ್ಡನ್ನು ಮುಂದಿನ ದೀಪಾವಳಿಗೆ ತಳ್ಳುವ ದಾರಿಯೂ ಉಂಟು. ಮಗನಿಗೆ ಅದು ರುಚಿಸದು, ಆದರೆ ದಾರಿ ಒಳ್ಳೆಯದು.

ರ್‍ಯಾಮಿನ ವಿಷಯದಲ್ಲಿ ಕಾಲ ಕೆಟ್ಟಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಹರಿದುಹೋದದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ವಿಪರೀತ ಏರಿತು. ಹಳೆಯ ಪಟ್ಟಿಯನ್ನು ಹಿಡಿದು ಅಂಗಡಿಗೆ ಹೋದವರು ಬರಿಗೈಯಲ್ಲಿ ಬಂದರೆ ಆಶ್ಚರ್ಯವಿಲ್ಲ. ಕೊಳ್ಳುವಾಗ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಲೇಸು. ಪ್ರೊಸೆಸರು ಎರಡು ದಾರಿಗಳಿಂದ ಒಮ್ಮೆಗೇ ಓದಬಲ್ಲದು.

ಇನ್ನು ಮನೆಯವರು ಯಾರೂ ಕೇಳದ, ಹುಡುಗನೂ ಪಟ್ಟಿಯ ಕೊನೆಯಲ್ಲಿ ಬರೆಯುವ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12 ವೋಲ್ಟಿಗೂ ಅದಕ್ಕಿಂತ ಕೆಳಕ್ಕೂ ಇಳಿಸಿ ಪ್ರತಿಯೊಂದು ಭಾಗಕ್ಕೂ ಉಣಿಸುವ ಡಬ್ಬಿ ಇದು. ಅಡುಗೆಯವನು ಕೆಟ್ಟವನಾದರೆ ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ಹೊಟ್ಟೆನೋವು. ಕ್ಯಾಬಿನೆಟ್ಟಿನೊಡನೆ ಉಚಿತವಾಗಿ ಬರುವ ಡಬ್ಬಿಯ ಮೇಲೆ 500 ವಾಟ್ ಎಂದು ಬರೆದಿದ್ದ ಮಾತ್ರಕ್ಕೆ ಅದು ಅಷ್ಟನ್ನು ಕೊಟ್ಟೀತೆಂದು ನಂಬಲಾಗದು. ಅದು ಸುಟ್ಟರೆ ತಾನೊಬ್ಬನೇ ಸುಡುವುದಿಲ್ಲ, ಕಾರ್ಡನ್ನೂ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ‘80 ಪ್ಲಸ್’ ಎಂಬ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ರಕ್ಷಣೆಯ ಏರ್ಪಾಡುಗಳನ್ನು ಕುರಿತು ಅಲ್ಲ. ಆದಕಾರಣ ಹೆಸರುಳ್ಳ ತಯಾರಕರದನ್ನು, ಐದು ವರ್ಷಕ್ಕೆ ಕಡಮೆಯಿಲ್ಲದ ವಾರಂಟಿ ನೋಡಿ ಕೊಳ್ಳತಕ್ಕದ್ದು. ಇಲ್ಲಿ ಉಳಿಸಿದ 2,000 ರೂಪಾಯಿ ಉಳಿತಾಯವೇ ಅಲ್ಲ. ಕ್ಯಾಬಿನೆಟ್ಟಿನ ತಗಡನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ದೋಷ ಬಹುತೇಕ ಮನೆಯ ಅರ್ತಿಂಗಿನಲ್ಲಿರುತ್ತದೆ. ಕಂಪ್ಯೂಟರಿನವನಿಗಿಂತ ಮೊದಲು ಎಲೆಕ್ಟ್ರೀಷಿಯನ್ನನಿಗೆ ಹೇಳಿ ಕಳುಹಿಸುವುದು ಮೇಲು. ಯುಪಿಎಸ್ಸಿನಲ್ಲಿಯೂ ಲೆಕ್ಕವುಂಟು: 600 ವಿಎ ಎಂದು ಮಾರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್ ಮಾತ್ರ. ದೊಡ್ಡ ಕಾರ್ಡುಳ್ಳ ಯಂತ್ರ ಆಟದ ರಭಸದಲ್ಲಿ ಅದನ್ನು ಮೀರಬಹುದು. ಮೀರಿದರೆ ಕರೆಂಟು ಹೋದೊಡನೆ ಯಂತ್ರವೂ ಹೋಗುತ್ತದೆ.

ಬಣ್ಣಬಣ್ಣದ ದೀಪದ ಫ್ಯಾನುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ದಸರೆಯ ಅರಮನೆ ಮೈಸೂರಿನಲ್ಲಿದ್ದರೆ ಸಾಕು. ಗಾಳಿ ಸರಾಗವಾಗಿ ಆಡುವ, ಧೂಳಿನ ಜಾಲರಿಯನ್ನು ತೆಗೆದು ತೊಳೆಯಬಹುದಾದ ಕ್ಯಾಬಿನೆಟ್ ಅದಕ್ಕಿಂತ ಅಗತ್ಯ.

ಸಾದರ ಪತ್ರಪ್ಪ ರಸ್ತೆಯ, ಅಂದರೆ ಎಲ್ಲರೂ ಎಸ್.ಪಿ. ರೋಡ್ ಎನ್ನುವ ಬೀದಿಯ, ಇಕ್ಕಟ್ಟಿನಲ್ಲಿ ಚೌಕಾಸಿ ನಡೆಯುವಾಗ ತಂದೆಯ ಅನುಭವ ಉಪಯೋಗಕ್ಕೆ ಬರುತ್ತದೆ. ಬಿಲ್ಲು ಬೇಡವೆಂದರೆ 18 ಶೇಕಡ ಜಿ.ಎಸ್.ಟಿ. ಉಳಿದೀತು ಎಂಬ ಆಸೆಗೆ ಯಾವ ಅಂಗಡಿಯಲ್ಲಿಯೂ ಒಳಗಾಗಬಾರದು. ಎರಡು ವರ್ಷದ ಮೇಲೆ ಕಾರ್ಡು ಕೆಟ್ಟಾಗ ಕೈಯಲ್ಲಿರಬೇಕಾದದ್ದು ಆ ಕಾಗದವೇ. ಅಮೆರಿಕದಲ್ಲಿರುವ ಭಾವನವರು ಅಗ್ಗಕ್ಕೆ ತಂದುಕೊಡುವ ಕಾರ್ಡಿಗೂ ಈ ಮಾತು ಅನ್ವಯಿಸುತ್ತದೆ. ಒಂದು ದೇಶದಲ್ಲಿ ಮಾರಿದ ವಸ್ತುವಿಗೆ ಇನ್ನೊಂದು ದೇಶದಲ್ಲಿ ವಾರಂಟಿ ದೊರೆಯದಿರುವುದೇ ಹೆಚ್ಚು.

ಜೋಡಣೆ ಒಂದು ಭಾನುವಾರದ ಕೆಲಸ. ಎಲ್ಲ ಮುಗಿದು, ಯಂತ್ರ ಚಾಲೂ ಆಗಿ, ಆಟ ಮಾತ್ರ ಎತ್ತಿನ ಗಾಡಿಯಂತೆ ಸಾಗಿದರೆ ‘ಇಷ್ಟು ಹಣ ನೀರಿಗೆ ಹೋಯಿತೇ’ ಎಂದು ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ. ಅಂಗಡಿಗೆ ಓಡುವ ಮೊದಲು ಪೆಟ್ಟಿಗೆಯ ಹಿಂಭಾಗವನ್ನು ನೋಡಬೇಕು. ಮಾನಿಟರಿನ ತಂತಿಯನ್ನು ಎಷ್ಟೋ ಮಂದಿ ಮೇಲಿರುವ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿಬಿಟ್ಟಿರುತ್ತಾರೆ. ಅದನ್ನು ಕಿತ್ತು, ಕೆಳಗೆ ಅಡ್ಡಲಾಗಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಸಿಕ್ಕಿಸಬೇಕು.