ಅಂಗಳದ ಶಿಸ್ತು ಕಲಿಸುವ ಮೌನ

ಅಮೆರಿಕದ ಟೆಕ್ಸಸ್ ರಾಜ್ಯದ ಕಾಡಿನ ನಡುವೆ ಇದ್ದ ಕರೋಲಿ ರ‍್ಯಾಂಚ್ ಎಂಬ ಶಿಬಿರಕ್ಕೆ ಆ ದೇಶದ ಜಿಮ್ನಾಸ್ಟಿಕ್ಸ್ ತಂಡದ ಹುಡುಗಿಯರು ವರ್ಷಗಟ್ಟಲೆ ತರಬೇತಿಗೆ ಬರುತ್ತಿದ್ದರು. ಹೆಚ್ಚಿನವರು ಹದಿಹರೆಯದವರು. ತಂದೆ ತಾಯಿಗೆ ಅಲ್ಲಿ ಉಳಿಯಲು ಅವಕಾಶವಿರಲಿಲ್ಲ, ಮೊಬೈಲ್ ಸಿಗ್ನಲ್ ಸಿಗುವುದೇ ಕಷ್ಟವಾಗಿತ್ತು. ಊಟದ ತಟ್ಟೆಯ ಮೇಲೆ ಕೋಚ್‌ಗಳ ಕಣ್ಣಿರುತ್ತಿತ್ತು. ತೂಕ ಹೆಚ್ಚಿದೆ ಎನಿಸಿಕೊಳ್ಳುವ ಭಯಕ್ಕೆ ಮಕ್ಕಳು ಹಸಿವನ್ನು ನುಂಗಿಕೊಳ್ಳುತ್ತಿದ್ದರು. ನೋವಾಗುತ್ತಿದೆ ಎಂದರೆ ಅದು ಸೋಮಾರಿತನದ ನೆಪವಾಗುತ್ತಿತ್ತು. ಅಂಥ ಕಡೆ ನಗುನಗುತ್ತ ಮಾತಾಡಿಸಿ, ಗುಟ್ಟಾಗಿ ತಿಂಡಿ ತಂದುಕೊಡುತ್ತಿದ್ದವನು ತಂಡದ ವೈದ್ಯ ಲ್ಯಾರಿ ನಾಸರ್. ಆ ಜಾಗದಲ್ಲಿ ತಮ್ಮೊಡನೆ ಅಕ್ಕರೆಯಿಂದ ನಡೆದುಕೊಂಡ ದೊಡ್ಡವನು ಅವನೊಬ್ಬನೇ ಎಂದು ಹಲವು ಆಟಗಾರ್ತಿಯರು ಆಮೇಲೆ ಹೇಳಿದ್ದಾರೆ. ಚಿಕಿತ್ಸೆಯ ಹೆಸರಿನಲ್ಲಿ ಆತ ಅವರ ಮೇಲೆ ಲೈಂಗಿಕ ದೌರ್ಜನ್ಯ ಎಸಗುತ್ತಿದ್ದ.

2018ರ ಜನವರಿಯಲ್ಲಿ ಮಿಷಿಗನ್‌ನ ನ್ಯಾಯಾಲಯದಲ್ಲಿ 156 ಮಂದಿ ಒಬ್ಬೊಬ್ಬರಾಗಿ ಎದ್ದು ತಮಗಾದದ್ದನ್ನು ಹೇಳಿಕೊಂಡರು. ನಾಸರ್‌ಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದಕ್ಕಿಂತ ಕಂಗೆಡಿಸುವ ಸಂಗತಿ 2021ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕೊಟ್ಟ ವರದಿಯಲ್ಲಿದೆ. ಎಫ್‌ಬಿಐಗೆ ದೂರು ಹೋಗಿದ್ದು 2015ರ ಜುಲೈನಲ್ಲಿ, ಪತ್ರಿಕೆಯೊಂದು ಆತನನ್ನು ಬಯಲಿಗೆಳೆದದ್ದು 2016ರ ಸೆಪ್ಟೆಂಬರ್‌ನಲ್ಲಿ. ದೂರು ಕಡತದಲ್ಲಿ ಬಿದ್ದಿದ್ದ ಆ ಹದಿನಾಲ್ಕು ತಿಂಗಳಲ್ಲಿ 70ಕ್ಕೂ ಹೆಚ್ಚು ಮಂದಿ ಆತನಿಗೆ ಬಲಿಯಾದರು.

ಇದನ್ನು ಒಬ್ಬ ವಿಕೃತನ ಕಥೆ ಎಂದು ಓದಿ ಮುಗಿಸುವವರೇ ಹೆಚ್ಚು. ಕಟ್ಟುನಿಟ್ಟಿನ ಕೋಚ್ ಒಂದು ಕಡೆ, ಅಪರಾಧಿ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಕರೋಲಿ ರ‍್ಯಾಂಚ್ ಹೇಳುವುದೇ ಬೇರೆ. ಹಸಿವು, ನೋವು, ಅಳು ಯಾವುದನ್ನೂ ಬಾಯಿಬಿಟ್ಟು ಹೇಳಬಾರದೆಂದು ಕಲಿತ ಮಗು ಮೈಮೇಲಿನ ತಪ್ಪು ಸ್ಪರ್ಶವನ್ನೂ ಹೇಳುವುದಿಲ್ಲ. ತನ್ನ ದೇಹದ ಬಗ್ಗೆ ತನಗಿಂತ ದೊಡ್ಡವರಿಗೇ ಚೆನ್ನಾಗಿ ಗೊತ್ತು ಎಂಬುದು ಅದಕ್ಕೆ ದಿನನಿತ್ಯದ ಪಾಠವಾಗಿರುತ್ತದೆ. ಆ ಕಠೋರತೆ ಇಲ್ಲದಿದ್ದರೆ ನಾಸರ್ ತಂದುಕೊಡುತ್ತಿದ್ದ ತಿಂಡಿಗೆ ಅಷ್ಟು ಬೆಲೆಯೇ ಇರುತ್ತಿರಲಿಲ್ಲ.

ದಕ್ಷಿಣ ಕೊರಿಯಾದಲ್ಲಿ ಈ ಕೊಂಡಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಲಿಂಪಿಕ್ಸ್‌ನಲ್ಲಿ ಎರಡು ಬಾರಿ ಚಿನ್ನ ಗೆದ್ದ ಸ್ಕೇಟಿಂಗ್ ತಾರೆ ಶಿಮ್ ಸುಕ್-ಹೀ ಪ್ರಾಥಮಿಕ ಶಾಲೆಯ ದಿನಗಳಿಂದಲೇ ಕೋಚ್‌ನಿಂದ ಏಟು ತಿಂದಿದ್ದರು. ಐಸ್ ಹಾಕಿ ಕೋಲಿನ ಹೊಡೆತಕ್ಕೆ ತಮ್ಮ ಬೆರಳಿನ ಮೂಳೆ ಮುರಿದಿತ್ತು ಎಂದು ಅವರು ನ್ಯಾಯಾಲಯದಲ್ಲಿ ಹೇಳಿದರು. 2018ರಲ್ಲಿ ಹಲ್ಲೆಗಾಗಿ ಆ ಕೋಚ್‌ಗೆ ಸಿಕ್ಕಿದ್ದು ಹತ್ತು ತಿಂಗಳ ಶಿಕ್ಷೆ. ಅಪ್ರಾಪ್ತೆಯಾಗಿದ್ದಾಗಿನಿಂದಲೇ ಆತ ಲೈಂಗಿಕ ದೌರ್ಜನ್ಯವನ್ನೂ ಎಸಗಿದ್ದ ಎಂದು ಶಿಮ್ ಬಹಿರಂಗವಾಗಿ ಹೇಳಿದ್ದು ಮರುವರ್ಷದ ಆರಂಭದಲ್ಲಿ. ಆ ಪ್ರಕರಣದಲ್ಲಿ 2021ರಲ್ಲಿ ಹದಿಮೂರು ವರ್ಷಗಳ ಸೆರೆವಾಸವಾಯಿತು. ಮೊದಲ ಏಟು ಬಿದ್ದಾಗಲೇ ಯಾರಾದರೂ ಆ ಕೈ ಹಿಡಿದಿದ್ದರೆ ಉಳಿದದ್ದು ನಡೆಯುತ್ತಿತ್ತೇ ಎಂಬ ಪ್ರಶ್ನೆ ಕೊರಿಯಾದ ಕ್ರೀಡಾ ಆಡಳಿತವನ್ನು ಕಾಡಲೇಬೇಕು.

ಬ್ರಿಟನ್‌ನ ಜಿಮ್ನಾಸ್ಟಿಕ್ಸ್ ಕುರಿತು 2022ರಲ್ಲಿ ಬಂದ ವೈಟ್ ವರದಿಯೂ ಇದೇ ಕಡೆಗೆ ಬೆರಳು ಮಾಡುತ್ತದೆ. ವಿಚಾರಣೆಗೆ ಬಂದ 400ಕ್ಕೂ ಹೆಚ್ಚು ಅಹವಾಲುಗಳಲ್ಲಿ ಶೇ 40ಕ್ಕಿಂತ ಹೆಚ್ಚು ಕೋಚ್‌ಗಳ ದೈಹಿಕ ಹಿಂಸೆಯನ್ನು ವಿವರಿಸಿದ್ದವು. ತಿಂಡಿ ಬಚ್ಚಿಟ್ಟಿದ್ದಾರೆಯೇ ಎಂದು ಮಕ್ಕಳ ಬ್ಯಾಗ್, ಕೋಣೆಗಳನ್ನು ಜಾಲಾಡುತ್ತಿದ್ದುದೂ ಅದರಲ್ಲಿ ದಾಖಲಾಗಿದೆ. ಇಂಥದ್ದು ಮುಚ್ಚಿದ ಬಾಗಿಲ ಹಿಂದೆಯೇ ನಡೆಯಬೇಕೆಂದೂ ಇಲ್ಲ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೈದು ವರ್ಷದ ರಷ್ಯನ್ ಸ್ಕೇಟರ್ ಕಮಿಲಾ ವಲಿಯೆವಾ ಮತ್ತೆ ಮತ್ತೆ ಬಿದ್ದು ಅಂಕಣದಿಂದ ಹೊರಬಂದಾಗ ಕೋಚ್ ಸಂತೈಸಲಿಲ್ಲ, ಹೋರಾಟ ಏಕೆ ಬಿಟ್ಟೆ ಎಂದು ಕೇಳಿದರು. ಜಗತ್ತು ಅದನ್ನು ನೇರಪ್ರಸಾರದಲ್ಲಿ ನೋಡಿತು. ಆ ತಣ್ಣನೆಯ ವರ್ತನೆ ಕಂಡು ನಡುಕ ಬಂತು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷ ಥಾಮಸ್ ಬಾಕ್ ಹೇಳಿದರು. ಕೆಲವೇ ತಿಂಗಳಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 17ಕ್ಕೆ ಏರಿಸಲು ನಿರ್ಧರಿಸಿತು.

ಭಾರತದ ಅತ್ಯಂತ ನೋವಿನ ಉದಾಹರಣೆ 1990ರ ಆಗಸ್ಟ್‌ನದು. ಪಂಚಕುಲದಲ್ಲಿ ಹದಿನಾಲ್ಕು ವರ್ಷದ ಟೆನಿಸ್ ಆಟಗಾರ್ತಿಗೆ ಲೈಂಗಿಕ ಕಿರುಕುಳ ಕೊಟ್ಟವರು ಹರಿಯಾಣ ಲಾನ್ ಟೆನಿಸ್ ಸಂಸ್ಥೆಯ ಅಧ್ಯಕ್ಷ ಎಸ್‌.ಪಿ.ಎಸ್. ರಾಠೋಡ್. ಅವರೇ ರಾಜ್ಯದ ಪೊಲೀಸ್ ಐಜಿ ಕೂಡ. ಆಟ ಆಡಿಸಬೇಕಾದವರೂ ಅವರೇ, ದೂರು ತೆಗೆದುಕೊಳ್ಳಬೇಕಾದ ಇಲಾಖೆಯೂ ಅವರದೇ. ಬಾಲಕಿಯನ್ನು ಶಾಲೆಯಿಂದ ತೆಗೆದುಹಾಕಲಾಯಿತು, ಸಹೋದರನ ಮೇಲೆ ಕಾರು ಕಳವಿನ ಪ್ರಕರಣಗಳು ಬಿದ್ದವು. 1993ರ ಡಿಸೆಂಬರ್‌ನಲ್ಲಿ ಆಕೆ ತನ್ನ ಜೀವ ತೆಗೆದುಕೊಂಡಳು. ಎಫ್‌ಐಆರ್ ದಾಖಲಾಗಿದ್ದು 1999ರಲ್ಲಿ, ತೀರ್ಪು ಬಂದದ್ದು 2009ರ ಡಿಸೆಂಬರ್‌ನಲ್ಲಿ. ಶಿಕ್ಷೆ ಆರು ತಿಂಗಳು, ದಂಡ ಒಂದು ಸಾವಿರ ರೂಪಾಯಿ. ಮರುವರ್ಷ ಅದು ಹದಿನೆಂಟು ತಿಂಗಳಿಗೆ ಏರಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಎತ್ತಿಹಿಡಿದರೂ ಅನುಭವಿಸಿದಷ್ಟಕ್ಕೇ ಶಿಕ್ಷೆಯನ್ನು ಮೊಟಕುಗೊಳಿಸಿತು.

ಅಂದಿಗಿಂತ ಇಂದಿನ ಕಾನೂನು ಬಹಳ ಗಟ್ಟಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ನಂಬಿಕೆ ಅಥವಾ ಅಧಿಕಾರದ ಸ್ಥಾನದಲ್ಲಿರುವವರು ಎಸಗುವ ದೌರ್ಜನ್ಯಕ್ಕೆ ಹೆಚ್ಚಿನ ಶಿಕ್ಷೆಯಿದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರು ಒಂದು ವರ್ಷದವರೆಗೆ ಜೈಲಿಗೆ ಹೋಗಬೇಕಾದೀತು. ಆದರೆ ಏಟಿನ ವಿಷಯಕ್ಕೆ ಬಂದಾಗ ಕಾನೂನಿನ ದನಿ ತಗ್ಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು ಶಾಲೆಯ ಮಗುವಿಗಾಗಿ. ಅದೇ ಮಗು ಸಂಜೆ ಐದಕ್ಕೆ ಖಾಸಗಿ ಅಕಾಡೆಮಿಯ ಮೈದಾನಕ್ಕೆ ಕಾಲಿಟ್ಟರೆ ಆ ರಕ್ಷಣೆ ಅಷ್ಟು ನೇರವಾಗಿ ಜೊತೆಗೆ ಬರುವುದಿಲ್ಲ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವಿನ ಉಸ್ತುವಾರಿ ಹೊತ್ತವರ ಕ್ರೌರ್ಯವನ್ನು ಶಿಕ್ಷಿಸುತ್ತದೆ ನಿಜ. ಆದರೆ ‘ದಂಡಂ ದಶಗುಣಂ’ ಎಂದು ತಲೆದೂಗುವ ಸಮಾಜದಲ್ಲಿ ಕೋಚ್ ಬಿಟ್ಟ ಕಪಾಳಮೋಕ್ಷವನ್ನು ಕ್ರೌರ್ಯವೆಂದು ಕರೆಯುವವರು ಯಾರು? ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರು ಯಾರು?

ತಂದೆ ತಾಯಿ ಹತ್ತುವುದು ಕಷ್ಟ. ಕರ್ನಾಟಕದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜಿಲ್ಲೆಗಳಲ್ಲಿ ನಡೆಸುವ ಕ್ರೀಡಾ ವಸತಿ ನಿಲಯಗಳಿಗೆ ಬರುವ ಮಕ್ಕಳಲ್ಲಿ ಹಳ್ಳಿಯ ಬಡ ಮನೆಯವರು ಬಹಳ. ಅವರಿಗೆ ಊಟ, ಹಾಸಿಗೆ, ಓದು, ಮುಂದೊಂದು ದಿನ ಕ್ರೀಡಾ ಕೋಟಾದಲ್ಲಿ ಸಿಗಬಹುದಾದ ನೌಕರಿ ಎಲ್ಲವೂ ಆಯ್ಕೆ ಎಂಬ ಒಂದೇ ಮೊಳೆಗೆ ತೂಗುಬಿದ್ದಿರುತ್ತವೆ. ಮಗ ಅಥವಾ ಮಗಳನ್ನು ಬಿಟ್ಟುಬರುವಾಗ ಅಪ್ಪ ಹೇಳುವ ಮಾತು, ‘ಸರ್ ಹೇಳಿದ ಹಾಗೆ ಕೇಳು’ ಎಂಬುದು. ಪ್ರೀತಿಯಿಂದಲೇ ಹೇಳಿದ ಮಾತದು. ಸರ್ ತಪ್ಪು ಮಾಡಿದರೆ ಯಾರಿಗೆ ಹೇಳಬೇಕೆಂಬುದು ಅದರಲ್ಲಿರುವುದಿಲ್ಲ. ನಗರದ ಅಕಾಡೆಮಿಯ ಪೋಷಕರ ಸ್ಥಿತಿ ಬೇರೆ ಬಗೆಯದು. ಲಕ್ಷಗಟ್ಟಲೆ ಸುರಿದವರಿಗೆ ಕೋಚ್ ಮುನಿಸಿಕೊಂಡರೆ ಎಂಬ ಆತಂಕ. ಕೆಲವರಂತೂ ಸೋತು ಬಂದ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಕೋಚ್‌ಗಿಂತ ಕಟುವಾಗಿ ಬೈಯುತ್ತಾರೆ.

ಮಗುವಿನ ಎಲ್ಲ ಎಳೆಗಳೂ ಒಬ್ಬರ ಮುಷ್ಟಿಯಲ್ಲಿ ಸೇರುವುದೇ ಮೂಲ ದೋಷವಾದ್ದರಿಂದ ಪರಿಹಾರವೂ ಆ ಮುಷ್ಟಿಯನ್ನು ಬಿಡಿಸುವುದರಲ್ಲೇ ಇದೆ. ಗಾಯಗೊಂಡ ಮಗು ಆಡಬಹುದೇ ಎಂಬುದನ್ನು ಕೋಚ್‌ಗೆ ಅಧೀನರಲ್ಲದ ವೈದ್ಯರು ಹೇಳಬೇಕು. ತರಬೇತಿ ಕೊಡುವವರೇ ವಸತಿ ನಿಲಯದ ಉಸ್ತುವಾರಿ ನೋಡಬಾರದು. ಶಿಬಿರಕ್ಕೆ ಪೋಷಕರು ಹೇಳದೆ ಬಂದರೂ ಬಾಗಿಲು ತೆರೆದಿರಬೇಕು. ಅಮೆರಿಕ 2018ರಲ್ಲಿ ತಂದ ಕಾನೂನು ವಯಸ್ಕರೊಬ್ಬರು ಮಗುವಿನೊಂದಿಗೆ ಇತರರ ಕಣ್ಣಿಗೆ ಬೀಳದಂತೆ ಒಂಟಿಯಾಗಿರುವುದಕ್ಕೆ ಮಿತಿ ಹಾಕಿತು. ದೌರ್ಜನ್ಯದ ಸುಳಿವು ಸಿಕ್ಕರೆ 24 ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳಿತು. ಇಂಥ ನಿಯಮಕ್ಕೆ ಹೆಚ್ಚು ಹಣ ಬೇಕಿಲ್ಲ. ತರಬೇತಿಯ ಕೋಣೆಯ ಬಾಗಿಲಿಗೆ ಒಂದು ಗಾಜು ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಭಾರತದ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರು ಮತ್ತು ಅಪ್ರಾಪ್ತ ಕ್ರೀಡಾಪಟುಗಳಿಗಾಗಿ ಸುರಕ್ಷಿತ ಕ್ರೀಡಾ ನೀತಿಯ ಮಾತಾಡುತ್ತದೆ, ಒಕ್ಕೂಟಗಳು ತಮ್ಮೊಳಗೇ ದೂರು ಪರಿಹಾರದ ವ್ಯವಸ್ಥೆ ಮಾಡಿಕೊಳ್ಳಬೇಕೆನ್ನುತ್ತದೆ. ಆ ‘ತಮ್ಮೊಳಗೇ’ ಎಂಬಲ್ಲಿ ಅಪಾಯವಿದೆ. ಪಂಚಕುಲದ ಬಾಲಕಿ ಹೋಗಬೇಕಿದ್ದುದೂ ಸಂಸ್ಥೆಯ ಒಳಕ್ಕೇ. ತಾಲ್ಲೂಕು ಮೈದಾನದಲ್ಲಿ ಓಡುವ ಹನ್ನೆರಡರ ಹುಡುಗಿಗೆ ದೆಹಲಿಯ ಒಕ್ಕೂಟದ ಸಮಿತಿ ಎಟುಕುವುದೂ ಇಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಎರಡೂ ಕ್ರೀಡಾ ಸಂಸ್ಥೆಗಳಿಗೆ ಹೊರಗಿನವು, ಈಗಾಗಲೇ ಇರುವಂಥವು. ಆ ಸಂಖ್ಯೆ ಪ್ರತಿ ಕ್ರೀಡಾಂಗಣದ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಕನ್ನಡದಲ್ಲಿ ಬರೆದಿರಬೇಕು. ಕರೆ ಮಾಡಲು ಕೋಚ್ ಅಥವಾ ವಾರ್ಡನ್ ಕೈಯಲ್ಲಿಲ್ಲದ ಒಂದು ಫೋನ್ ಅದರ ಪಕ್ಕದಲ್ಲೇ ಇರಬೇಕು.