‘ನಮ್ಮಲ್ಲಿ ಹಾಗಾಗುತ್ತಿಲ್ಲ’ ಎಂದು ದೂರು ಮುಚ್ಚಬೇಡಿ

ಎಸ್‌ಕ್ಯೂಎಲ್ ಆಟೋಕಂಪ್ಲೀಟ್ ಟೂಲ್ ತಯಾರಿಸುವ ಸಂಸ್ಥೆಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಆಫೀಸಿನಲ್ಲಿ ಡೇಟಾಬೇಸ್ ಕೆಲಸ ಮಾಡುವವರೆಲ್ಲ ದಿನವಿಡೀ ನಿಮ್ಮ ಟೂಲನ್ನೇ ನಂಬಿದ್ದೇವೆ. ಅದರಲ್ಲಿ ಕಂಡ ಒಂದು ಬಗ್ ಕುರಿತು ನಾನು ಕೊಟ್ಟ ದೂರನ್ನು ನಿಮ್ಮ ಸಪೋರ್ಟ್ ತಂಡ ‘ನಮ್ಮಲ್ಲಿ ಹಾಗಾಗುತ್ತಿಲ್ಲ’ ಎಂಬ ಒಂದೇ ಸಾಲು ಬರೆದು ಮುಚ್ಚಿಬಿಟ್ಟಿದೆ. ಈ ಪದ್ಧತಿ ನಿಲ್ಲಬೇಕೆಂದು ಕೋರಿ ನಿಮಗೇ ಬರೆಯುತ್ತಿದ್ದೇನೆ.

ಬಗ್ ಇಷ್ಟು. ಗ್ರಾಹಕರ ಟೇಬಲ್‌ಗೆ ‘ಗ್ರಾ’, ಆರ್ಡರ್ ಟೇಬಲ್‌ಗೆ ‘ಆರ್’ ಎಂದು ಅಲಿಯಾಸ್ ಕೊಟ್ಟಿರುತ್ತೇವೆ. ಒಳಗಿನ ಸಬ್‌ಕ್ವೆರಿಯಲ್ಲೂ ಅವೇ ಅಲಿಯಾಸ್‌ಗಳಿದ್ದರೆ, ಜಾಯಿನ್ ಬರೆದು ‘ಆನ್’ ಎಂದು ಟೈಪ್ ಮಾಡುತ್ತಲೇ ಟೂಲ್ ‘ಗ್ರಾ.ಐಡಿ = ಗ್ರಾ.ಐಡಿ’ ಎಂದು ಸೂಚಿಸುತ್ತದೆ. ಅವಸರದಲ್ಲಿ ಟ್ಯಾಬ್ ಒತ್ತಿದರೆ ಮುಗಿಯಿತು. ಸಿಂಟ್ಯಾಕ್ಸ್ ಸರಿಯಿರುವುದರಿಂದ ಡೇಟಾಬೇಸ್ ತಕರಾರು ಮಾಡುವುದಿಲ್ಲ. ಷರತ್ತು ಯಾವಾಗಲೂ ನಿಜವಾದ್ದರಿಂದ ಪ್ರತಿ ಗ್ರಾಹಕರಿಗೂ ಎಲ್ಲ ಆರ್ಡರ್‌ಗಳೂ ಅಂಟಿಕೊಳ್ಳುತ್ತವೆ. 1,000 ಗ್ರಾಹಕರು, 10,000 ಆರ್ಡರ್‌ಗಳಿದ್ದರೆ 1 ಕೋಟಿ ಸಾಲು! ಅದರ ಮೇಲೆ ಮೊತ್ತ ಹಾಕಿದ ರಿಪೋರ್ಟ್ ಮ್ಯಾನೇಜರ್ ಕೈಸೇರುವಾಗ ಕಾಣುವುದು ಅಂಕಿ ಮಾತ್ರ. ಅದು ಹುಟ್ಟಿದ ಬಗೆ ಕಾಣುವುದಿಲ್ಲ.

ನಿಮ್ಮ ಎಂಜಿನಿಯರ್‌ಗಳ ಕೆಲಸ ಸುಲಭದ್ದೆಂದು ನಾನು ಹೇಳುತ್ತಿಲ್ಲ. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಎಸ್‌ಕ್ಯೂಎಲ್ ಭಾಷೆಯನ್ನು ಪ್ರಕಟಿಸಿದಾಗಿನಿಂದಲೂ ‘ಸೆಲೆಕ್ಟ್’ ಮೊದಲು, ‘ಫ್ರಮ್’ ಆಮೇಲೆ. ಯಾವ ಟೇಬಲ್ ಎಂದು ತಿಳಿಯುವ ಮುನ್ನವೇ ಕಾಲಂ ಸೂಚಿಸಬೇಕಾದ ಪೇಚು ನಿಮ್ಮ ಎಂಜಿನಿಯರ್‌ಗಳದು. ಅರೆಬರೆ ಕ್ವೆರಿಯನ್ನೇ ಓದಿ ಅರ್ಥಮಾಡಿಕೊಳ್ಳಬೇಕು. ಕ್ಯಾಶೆಯಲ್ಲಿರುವ ಟೇಬಲ್ ಪಟ್ಟಿ ಹಳತಾಗಿರಬಹುದು. ಸ್ಕೀಮಾ, ವರ್ಷನ್, ಕರ್ಸರ್ ನಿಂತ ಜಾಗ, ಇವುಗಳಲ್ಲಿ ಒಂದು ಬದಲಾದರೂ ಬಗ್ ಮಾಯವಾಗಬಹುದು. ಆದ್ದರಿಂದಲೇ ನಿಮ್ಮಲ್ಲಿ ಕಾಣಲಿಲ್ಲವೆಂಬುದು ದೂರು ಮುಚ್ಚಲು ಕಾರಣವಾಗಬಾರದು, ಇನ್ನಷ್ಟು ವಿವರ ಕೇಳಲು ಕಾರಣವಾಗಬೇಕು.

ನನ್ನ ಕೋರಿಕೆ ಮೂರು. ಒಂದು, ದೂರಿನ ಫಾರಂನಲ್ಲೇ ಬೇಕಾದ್ದನ್ನೆಲ್ಲ ಕೇಳಿ: ಟೂಲ್ ಮತ್ತು ಡೇಟಾಬೇಸ್ ವರ್ಷನ್, ಬಗ್ ಮತ್ತೆ ಕಾಣಿಸುವಂಥ ಅತಿ ಚಿಕ್ಕ ಕ್ವೆರಿ, ಕರ್ಸರ್ ಎಲ್ಲಿತ್ತು, ಏನು ಬಂತು, ಏನು ಬರಬೇಕಿತ್ತು. ಎರಡು, ಕ್ಲೈಂಟ್‌ಗಳ ಸ್ಕೀಮಾವನ್ನು ನಾವು ಇದ್ದಂತೆ ಹೊರಗೆ ಕಳಿಸುವಂತಿಲ್ಲ. ಟೇಬಲ್, ಕಾಲಂಗಳ ನಿಜವಾದ ಹೆಸರು ಮರೆಮಾಡಿ ರಚನೆಯನ್ನಷ್ಟೇ ಫೈಲಾಗಿ ಕೊಡುವ ಸೌಲಭ್ಯ ಟೂಲ್‌ನಲ್ಲೇ ಇರಲಿ. ಮೂರು, ಸರಿಪಡಿಸಿದ ಪ್ರತಿ ಬಗ್‌ಗೂ ಒಂದು ಟೆಸ್ಟ್ ಬರೆಸಿ, ಪ್ರತಿ ರಿಲೀಸ್‌ಗೂ ಮುನ್ನ ಅದನ್ನು ಓಡಿಸಿ. ಒಮ್ಮೆ ಹೋದ ಬಗ್ ಮುಂದಿನ ವರ್ಷನ್‌ನಲ್ಲಿ ಮರಳಿ ಬರುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬಗ್ ದೂರು ಬರೆಯುವವರು ತಮ್ಮ ಕೆಲಸ ಬದಿಗಿಟ್ಟು ನಿಮ್ಮ ಕೆಲಸ ಮಾಡುತ್ತಾರೆ. ಒಂದೇ ಸಾಲಿನ ಉತ್ತರ ಕಂಡವರು ಮುಂದಿನ ಬಗ್ ಸಿಕ್ಕಾಗ ಸುಮ್ಮನಿರುತ್ತಾರೆ. ಆಗ ನಷ್ಟ ನಿಮಗೂ, ಉಳಿದ ಬಳಕೆದಾರರಿಗೂ.

ದಯವಿಟ್ಟು ನನ್ನ ದೂರನ್ನು ಮತ್ತೆ ತೆರೆಸಿ. ಬಗ್ ಸರಿಯಾಗುವವರೆಗೆ, ಅಲಿಯಾಸ್ ಎರಡೆರಡು ಕಡೆ ಬಂದ ಕ್ವೆರಿಗಳಲ್ಲಿ ಜಾಯಿನ್ ಸೂಚನೆಯನ್ನು ನಿಲ್ಲಿಸಿ. ತಪ್ಪು ಸೂಚನೆಗಿಂತ ಸೂಚನೆಯೇ ಇಲ್ಲದಿರುವುದು ಮೇಲು.

ಇತಿ,
ನಿಮ್ಮ ಟೂಲ್ ಬಳಸುವ ಒಬ್ಬ ಡೇಟಾಬೇಸ್ ಉದ್ಯೋಗಿ
ಬೆಂಗಳೂರು